ಒಂದು ಕ್ಷಣದ ಬಲ

ಬೀದರ್ ತಾಲ್ಲೂಕಿನ ಬಗದಲ್‌ನಂಥ ಊರಿನಲ್ಲಿ ಚಳಿಗಾಲದ ನಸುಕಿಗೆ ಜೀಪೊಂದು ಹೊರಡಬೇಕಾದರೆ ಇಂದು ಕೀಲಿಯನ್ನು ತಿರುಗಿಸಿದರೆ ಸಾಕು. ಮೋಟಾರು ಗಾಡಿಗಳ ಆರಂಭಕಾಲದ ಚಾಲಕರಿಗೆ ಈ ಸುಖವಿರಲಿಲ್ಲ. ಅವರು ಗಾಡಿಯ ಮುಂದೆ ಬಾಗಿ, ಕಬ್ಬಿಣದ ಹ್ಯಾಂಡಲನ್ನು ತೂರಿಸಿ, ಮೈಯ ಬಲವನ್ನೆಲ್ಲ ಕೂಡಿಸಿ ತಿರುಗಿಸಬೇಕಾಗಿತ್ತು. ಎಂಜಿನ್ನು ಹಿಮ್ಮುಖವಾಗಿ ಒದೆಯಿತೆಂದರೆ ಮಣಿಕಟ್ಟೋ ದವಡೆಯೋ ಮುರಿಯುತ್ತಿತ್ತು. ಹೆಬ್ಬೆರಳನ್ನು ಹ್ಯಾಂಡಲಿಗೆ ಸುತ್ತದೆ ಉಳಿದ ಬೆರಳುಗಳ ಜೊತೆಗೇ ಇಟ್ಟುಕೊಳ್ಳುವುದು ಆ ವಿದ್ಯೆಯ ಮೊದಲ ಪಾಠ. ಈ ಅಪಾಯದಿಂದ ಲೋಕವನ್ನು ಪಾರು ಮಾಡಿದವರು ಅಮೆರಿಕದ ಚಾರ್ಲ್ಸ್ ಕೆಟರಿಂಗರು.

ಅವರು ಹುಟ್ಟಿದ್ದು 1876ರ ಆಗಸ್ಟ್ 29ರಂದು, ಒಹಾಯೊ ಪ್ರಾಂತದ ಲೌಡನ್‌ವಿಲ್ ಬಳಿಯ ಒಂದು ಒಕ್ಕಲು ಮನೆಯಲ್ಲಿ. ಬಾಲ್ಯದಿಂದಲೂ ಕಣ್ಣಿನ ದೃಷ್ಟಿ ಮಂದ. ಕೆಲಕಾಲ ಶಾಲೆಯ ಉಪಾಧ್ಯಾಯರಾಗಿದ್ದು, ಬಳಿಕ ವಿಶ್ವವಿದ್ಯಾನಿಲಯವನ್ನು ಸೇರಿದರು. ಕಣ್ಣಿನ ಬೇನೆ ಅಲ್ಲಿಂದಲೂ ಅವರನ್ನು ಹೊರಕ್ಕೆ ತಳ್ಳಿತು. ಆಗ ಟೆಲಿಫೋನ್ ತಂತಿ ಎಳೆಯುವ ಕೂಲಿಗಳ ತಂಡದಲ್ಲಿ ದುಡಿದು, ಮರಳಿ ಬಂದು, 1904ರಲ್ಲಿ ವಿದ್ಯುತ್ ಎಂಜಿನಿಯರಿಂಗ್ ಪದವಿಯನ್ನು ಪಡೆದರು. ಪುಸ್ತಕವನ್ನು ಓದಲು ಕಷ್ಟಪಟ್ಟ ಆ ಕಣ್ಣುಗಳಿಗೆ ಯಂತ್ರದ ಒಳಗುಟ್ಟು ಮಾತ್ರ ಬಲು ಸ್ಪಷ್ಟವಾಗಿ ಕಾಣುತ್ತಿತ್ತು.

ಅವರ ಮೊದಲ ಉದ್ಯೋಗ ಡೇಟನ್ ನಗರದ ನ್ಯಾಷನಲ್ ಕ್ಯಾಷ್ ರಿಜಿಸ್ಟರ್ ಕಂಪನಿಯಲ್ಲಿ. ಅಂಗಡಿಯ ಹಣದ ಪೆಟ್ಟಿಗೆಯನ್ನು ಕೈಯಿಂದ ತಿರುಗಿಸುವ ಬದಲು ವಿದ್ಯುತ್ತಿನಿಂದ ತೆರೆಯುವ ಯಂತ್ರವನ್ನು ಅವರು ರೂಪಿಸಿದರು. ಅಲ್ಲಿ ಅವರಿಗೆ ಹೊಳೆದ ಸತ್ಯ ಸಣ್ಣದಾಗಿ ತೋರಿದರೂ ಫಲದಲ್ಲಿ ದೊಡ್ಡದು. ಪೆಟ್ಟಿಗೆಯ ಮೋಟಾರು ದಿನವಿಡೀ ತಿರುಗಬೇಕಾಗಿಲ್ಲ; ಒಂದು ಕ್ಷಣ ದುಡಿದು ಸುಮ್ಮನಾದರಾಯಿತು. ಆ ಒಂದು ಕ್ಷಣಕ್ಕೆ ಅದರ ಶಕ್ತಿಗೆ ಮೀರಿದ ಹೊರೆಯನ್ನು ಹೊರಿಸಿದರೂ, ಅದು ಸುಡುವಷ್ಟು ಕಾಯುವುದರೊಳಗೆ ಕೆಲಸ ಮುಗಿದಿರುತ್ತದೆ.

1909ರಲ್ಲಿ ಆ ಉದ್ಯೋಗವನ್ನು ಬಿಟ್ಟು, ಸಹೋದ್ಯೋಗಿಯಾಗಿದ್ದ ಎಡ್ವರ್ಡ್ ಡೀಡ್ಸರೊಡನೆ ಅವರು ಡೆಲ್ಕೊ ಸಂಸ್ಥೆಯನ್ನು ಕಟ್ಟಿದರು. ಡೀಡ್ಸರ ಮನೆಯ ಹಿಂದಿನ ಕೊಟ್ಟಿಗೆಯೇ ಅವರ ಪ್ರಯೋಗಶಾಲೆ. ಕ್ಯಾಡಿಲಾಕ್ ಕಾರು ಸಂಸ್ಥೆಯ ಮುಖ್ಯಸ್ಥ ಹೆನ್ರಿ ಲೇಲಂಡರು ಹ್ಯಾಂಡಲಿನ ಪೀಡೆಗೆ ಪರಿಹಾರವನ್ನು ಬಯಸಿದಾಗ, ಎಂಜಿನ್ನನ್ನು ತಿರುಗಿಸಲು ಎಂಜಿನ್ನಿನಷ್ಟೇ ದೊಡ್ಡ ಮೋಟಾರು ಬೇಕಾದೀತೆಂಬ ಅನುಮಾನ ತಜ್ಞರಲ್ಲಿತ್ತು. ಕೆಟರಿಂಗರು ಹಣದ ಪೆಟ್ಟಿಗೆಯ ಪಾಠವನ್ನು ನೆನೆದರು. 1911ರಲ್ಲಿ ಯಂತ್ರ ಸಿದ್ಧವಾಯಿತು. 1912ರ ಮಾದರಿಯ ಕ್ಯಾಡಿಲಾಕ್ ಕಾರು ಹ್ಯಾಂಡಲಿನ ಹಂಗಿಲ್ಲದೆ ಹೊರಬಂದಿತು. ತೋಳ್ಬಲವಿದ್ದವರ ಸ್ವತ್ತಾಗಿದ್ದ ವಾಹನ ಅಂದಿನಿಂದ ಸ್ತ್ರೀಯರಿಗೂ ವೃದ್ಧರಿಗೂ ಒಲಿಯಿತು.

ಈ ತತ್ತ್ವವನ್ನು ಬಲ್ಲವನಿಗೆ ಹಠಮಾರಿ ಸ್ಟಾರ್ಟರಿನ ರೋಗವನ್ನು ಗುರುತಿಸುವುದೂ ಸುಲಭ. ಕ್ಷಣಮಾತ್ರದ ಆ ದುಡಿಮೆಗೆ ನೂರಾರು ಆಂಪಿಯರ್ ವಿದ್ಯುತ್ತು ಹರಿಯಬೇಕು. 200 ಆಂಪಿಯರ್ ಹರಿಯುವಾಗ ದಾರಿಯಲ್ಲಿ ಒಂದು ಓಮಿನ ನೂರನೆಯ ಒಂದಂಶದಷ್ಟು ತಡೆಯಿದ್ದರೂ 12 ವೋಲ್ಟಿನಲ್ಲಿ 2 ವೋಲ್ಟು ಅಲ್ಲಿಯೇ ಕಳೆದುಹೋಗುತ್ತದೆ. ಬ್ಯಾಟರಿಯ ಕೊಂಡಿಗೆ ಕಟ್ಟಿದ ಬಿಳಿಯ ಕಿಲುಬು, ಸಡಿಲಗೊಂಡ ನಟ್ಟು, ತುಕ್ಕು ಹಿಡಿದ ಅರ್ಥ್ ತಂತಿ, ಇಷ್ಟೇ ಸಾಕು. ದೀಪಗಳಿಗೆ ಬೇಕಾದದ್ದು ಅಲ್ಪ ವಿದ್ಯುತ್ತಾದ್ದರಿಂದ ಅವು ಚೆನ್ನಾಗಿ ಉರಿದು ನಮ್ಮನ್ನು ಮೋಸಗೊಳಿಸುತ್ತವೆ. ಸ್ಪೋರ್ಟ್ಸ್ ಕಾರಿನಲ್ಲಿ ಕಷ್ಟ ಇನ್ನೂ ಹೆಚ್ಚು. ಅದರ ಇಕ್ಕಟ್ಟಾದ ಬಾನೆಟ್ಟಿನೊಳಗೆ ಸ್ಟಾರ್ಟರು ಹಲವು ವೇಳೆ ಹೊಗೆಕೊಳವೆಯ ಮಗ್ಗುಲಲ್ಲಿಯೇ ಕುಳಿತಿರುತ್ತದೆ. ಕಾದ ತಾಮ್ರದ ಸುರುಳಿಗಳ ತಡೆ ಏರಿ, ದೂರ ಓಡಿ ನಿಂತ ಕಾರು ಕೀಲಿಗೆ ಬರಿಯ ಟಿಕ್ಕೆಂಬ ಸದ್ದನ್ನು ಕೊಟ್ಟು, ತಣಿದ ಮೇಲೆ ತಾನಾಗಿಯೇ ಹೊರಡುವುದುಂಟು.

ಆದುದರಿಂದ ಜಾಣ ಮೆಕ್ಯಾನಿಕನು ಮೊದಲೇ ಮೋಟಾರನ್ನು ಬಿಚ್ಚುವುದಿಲ್ಲ. ಇನ್ನೊಬ್ಬನಿಂದ ಕೀಲಿ ತಿರುಗಿಸಿ, ಬ್ಯಾಟರಿಯಿಂದ ಸ್ಟಾರ್ಟರಿನವರೆಗೆ ಎಷ್ಟು ವೋಲ್ಟು ಸೋರುತ್ತಿದೆಯೆಂದು ಅಳೆಯುತ್ತಾನೆ. ಸೋರಿಕೆ ಅರ್ಧ ವೋಲ್ಟನ್ನು ಮೀರಿದರೆ ದೋಷ ದಾರಿಯದು. ವಿದ್ಯುತ್ತು ಪೂರ್ತಿ ತಲುಪಿಯೂ ತಿರುಗದಿದ್ದರೆ ಮಾತ್ರ ಕಾರ್ಬನ್ ಬ್ರಷ್ಷು, ಬುಷ್ಷುಗಳ ವಿಚಾರಣೆ. ಕೀಲಿಯನ್ನು ಹಿಡಿದೇ ಇರುವುದು ಸಲ್ಲದು. ಕ್ಷಣಕ್ಕೆಂದು ಮಾಡಿದ ಯಂತ್ರ ನಿಮಿಷದ ಹೊರೆಯಲ್ಲಿ ಸುಟ್ಟುಹೋಗುತ್ತದೆ.

ಕೆಟರಿಂಗರ ಬಾಳಿನ ಉತ್ತರಾರ್ಧ ಈ ಮಾತಿಗೆ ಬೇರೊಂದು ಅರ್ಥವನ್ನು ಕೊಡುತ್ತದೆ. 1920ರಿಂದ 1947ರವರೆಗೆ ಅವರು ಜನರಲ್ ಮೋಟಾರ್ಸ್ ಸಂಸ್ಥೆಯ ಸಂಶೋಧನೆಯ ನೇತಾರರು. ಎಂಜಿನ್ನುಗಳ ಕಟಕಟ ಬಡಿತಕ್ಕೆ ಅವರದೇ ಬ್ಯಾಟರಿ ಇಗ್ನಿಷನ್ ಕಾರಣವೆಂದು ಕೆಲವರು ದೂರಿದ್ದರು. ಅದಕ್ಕೆ ಮದ್ದನ್ನು ಅರಸಿ, 1921ರಲ್ಲಿ ಅವರ ಶಿಷ್ಯ ಥಾಮಸ್ ಮಿಜ್ಲಿಯವರು ಪೆಟ್ರೋಲಿಗೆ ಸೀಸದ ಸಂಯುಕ್ತವನ್ನು ಬೆರೆಸಿ ಗೆದ್ದರು. ಬಡಿತ ನಿಂತಿತು. ಆದರೆ 1924ರಲ್ಲಿ ಅದನ್ನು ತಯಾರಿಸುತ್ತಿದ್ದ ಕಾರ್ಮಿಕರು ವಿಷವೇರಿ ಮಡಿದರು. ಎಚ್ಚರಿಕೆ ಕೇಳಿಬಂದರೂ ಮಾರಾಟ ನಿಲ್ಲಲಿಲ್ಲ. ಸೀಸದ ಹೊರೆ ಕ್ಷಣದ್ದಲ್ಲ. ಅದು ಮಣ್ಣಿನಲ್ಲಿ, ಮಕ್ಕಳ ರಕ್ತದಲ್ಲಿ ಕೂಡುತ್ತ ಹೋಗುವ ಹೊರೆ. ನಮ್ಮ ದೇಶ ಅದನ್ನು ಕೈಬಿಟ್ಟದ್ದು 2000ದಲ್ಲಿ. ಲೋಕದ ಕಾರುಗಳೆಲ್ಲ ಅದರಿಂದ ಬಿಡುಗಡೆ ಪಡೆದದ್ದು 2021ರಲ್ಲಿ.

ಕ್ಯಾನ್ಸರ್ ಸಂಶೋಧನೆಯ ಹೆಸರಾಂತ ಸಂಸ್ಥೆಯೊಂದಕ್ಕೆ ತಮ್ಮ ಹೆಸರನ್ನು ಕೊಟ್ಟು, 1958ರ ನವೆಂಬರ್ 25ರಂದು ಕೆಟರಿಂಗರು ಡೇಟನ್ನಿನಲ್ಲಿ ತೀರಿಕೊಂಡರು. ಕ್ಷಣಿಕವಾದ ಹೊರೆಯನ್ನು ಅವರಷ್ಟು ನಿಖರವಾಗಿ ತೂಗಿದವರು ವಿರಳ. ದೀರ್ಘವಾದ ಹೊರೆಯನ್ನು ತೂಗುವಾಗ ಅದೇ ಕೈ ತಪ್ಪಿತು. ಇಂದು ನಸುಕಿನಲ್ಲಿ ಕೀಲಿ ತಿರುಗಿಸುವ ನಾವು ಅವರಿಗೆ ಕೃತಜ್ಞರಾಗಿರೋಣ; ಜೊತೆಗೆ, ಎಂಜಿನ್ನು ಹೊರಟ ಮೇಲೆ ಅದರ ಹೊಗೆ ಎಲ್ಲಿಗೆ ಹೋಗುತ್ತದೆಂಬುದನ್ನೂ ಒಮ್ಮೆ ತಿರುಗಿ ನೋಡೋಣ.