ಪ್ಯಾರಿಸ್ಸಿನ ಬಾಗಿಲು ತೆರೆಯದ ವಿಜ್ಞಾನಿ

ನಿಮ್ಮ ಮನೆಯಲ್ಲಿ ಬಿ.ಎಸ್ಸಿ. ಓದುವ ಮಕ್ಕಳಿದ್ದರೆ ಅವರ ಭೌತ ರಸಾಯನಶಾಸ್ತ್ರದ ಪುಸ್ತಕವನ್ನೊಮ್ಮೆ ತೆರೆಸಿ. ಗಿಬ್ಸ್-ಡುಹೆಮ್ ಸಮೀಕರಣ ಎಂಬ ಹೆಸರು ಸಿಗುತ್ತದೆ. ಆ ಡುಹೆಮ್ ನಿಷ್ಠಾವಂತ ಕಥೋಲಿಕರಾಗಿದ್ದರು ಎಂಬುದನ್ನು ಮಾತ್ರ ಪುಸ್ತಕ ಹೇಳುವುದಿಲ್ಲ.

ಪಿಯೆರ್ ಡುಹೆಮ್ ಹುಟ್ಟಿದ್ದು 1861ರಲ್ಲಿ, ಪ್ಯಾರಿಸ್ಸಿನಲ್ಲಿ. ಆ ಕಾಲದ ಫ್ರಾನ್ಸಿನ ರಸಾಯನಶಾಸ್ತ್ರಕ್ಕೆ ಬರ್ಥೆಲೋ ಎಂಬವರೇ ದೊರೆ. ಅತಿ ಹೆಚ್ಚು ಶಾಖ ಹೊರಬರುವ ಕ್ರಿಯೆಯೇ ತಾನಾಗಿ ನಡೆಯುತ್ತದೆ ಎಂಬುದು ಅವರ ತತ್ವ. ಆದರೆ ಕಲಾಯಿಯವರ ನವಸಾಗರವನ್ನು ನೀರಿಗೆ ಹಾಕಿ ನೋಡಿ. ತಾನಾಗಿಯೇ ಕರಗುತ್ತದೆ, ಪಾತ್ರೆ ಬಿಸಿಯಾಗುವ ಬದಲು ತಣ್ಣಗಾಗುತ್ತದೆ! ಶಾಖವೊಂದನ್ನೇ ಲೆಕ್ಕಕ್ಕೆ ಹಿಡಿದರೆ ಸಾಲದೆಂದು ಡುಹೆಮ್ 1884ರಲ್ಲಿ, ಇನ್ನೂ ವಿದ್ಯಾರ್ಥಿಯಾಗಿದ್ದಾಗಲೇ, ಡಾಕ್ಟರೇಟ್ ಪ್ರಬಂಧ ಬರೆದರು. ಅದು ತಿರಸ್ಕೃತವಾಯಿತು. 1886ರಲ್ಲಿ ಅದನ್ನೇ ಪುಸ್ತಕವಾಗಿ ಅಚ್ಚು ಹಾಕಿಸಿದರು. ಸರಿ ಯಾರದೆಂದು ಇಂದು ಎಲ್ಲರಿಗೂ ಗೊತ್ತು. ಆದರೆ ಪ್ಯಾರಿಸ್ಸಿನಲ್ಲಿ ಅವರು ಬಯಸಿದ ಹುದ್ದೆ ಕೊನೆಗೂ ಸಿಗಲಿಲ್ಲ. ಲಿಲ್, ರೆನ್, ಆಮೇಲೆ 1894ರಿಂದ ಸಾಯುವತನಕ ಬೋರ್ಡೋ. ಅವರ ನಾಲಿಗೆಯೂ ಹರಿತವೇ, ಒಪ್ಪಿಕೊಳ್ಳೋಣ. ಪರಮಾಣುಗಳನ್ನು ಅವರು ನಂಬಲಿಲ್ಲ. ಅಲ್ಲಿ ತಪ್ಪಿದ್ದು ಅವರೇ.

ಹುದ್ದೆಯ ನೋವು ಹಾಗಿರಲಿ, ಮನೆಯ ನೋವನ್ನು ಕೇಳಿ. 1890ರಲ್ಲಿ ಅದೆಲ್ ಎಂಬವರನ್ನು ಮದುವೆಯಾದರು. ಮರುವರ್ಷ ಮಗಳು ಎಲೆನ್ ಹುಟ್ಟಿದಳು. 1892ರಲ್ಲಿ ಎರಡನೆಯ ಹೆರಿಗೆಯಲ್ಲಿ ಹೆಂಡತಿಯೂ ಹೋದರು, ಮಗುವೂ ಉಳಿಯಲಿಲ್ಲ. ಡುಹೆಮ್ ಅವರಿಗೆ ಆಗ 31 ವರ್ಷ. ಮತ್ತೆ ಮದುವೆಯಾಗಲಿಲ್ಲ. ಎಲೆನ್‌ಳನ್ನು ಸಾಕಿದ್ದು ಅಜ್ಜಿ.

ಬೋರ್ಡೋದಲ್ಲಿ ಅವರು ವಿಜ್ಞಾನದ ಚರಿತ್ರೆಗೆ ಕೈಹಾಕಿದರು. ಮಧ್ಯಯುಗದಲ್ಲಿ ಏನೂ ಸಿಗಲಾರದೆಂದು ಅವರೇ ಭಾವಿಸಿದ್ದರಂತೆ. ಹಳೆಯ ಹಸ್ತಪ್ರತಿಗಳಲ್ಲಿ ಸಿಕ್ಕಿದ್ದು 14ನೆಯ ಶತಮಾನದ ಗುರುಗಳು: ವಸ್ತುವಿನ ಚಲನೆಯನ್ನು ಹೊಸ ರೀತಿಯಲ್ಲಿ ವಿವರಿಸಿದ ಬುರಿಡಾನ್, ಭೂಮಿಯೇ ತಿರುಗುತ್ತಿರಬಹುದೇ ಎಂದು ಚರ್ಚಿಸಿದ ಒರೆಮ್. ಈ ಒರೆಮ್ ಮುಂದೆ ಲಿಸಿಯುವಿನ ಧರ್ಮಾಧ್ಯಕ್ಷರಾದರು. ಹೌದು, ನಮ್ಮ ಬಾಲಯೇಸುವಿನ ಸಂತ ತೆರೇಸರ ಊರೇ. ಧರ್ಮಸಭೆ ವಿಜ್ಞಾನಕ್ಕೆ ಅಡ್ಡಗಾಲು ಎಂದು ಸಲೀಸಾಗಿ ಹೇಳುತ್ತಿದ್ದವರಿಗೆ ಇದು ಕಸಿವಿಸಿಯ ಸುದ್ದಿ. ಆಗ ಪ್ಯಾರಿಸ್ಸಿನಲ್ಲಿ ಚರಿತ್ರೆಯ ಪೀಠವೊಂದರ ಮಾತು ಬಂತು. ತಾನು ಭೌತವಿಜ್ಞಾನಿ, ಹಿಂಬಾಗಿಲಿನಿಂದ ಪ್ಯಾರಿಸ್ ಹೊಗಲಾರೆ ಎಂದು ನಿರಾಕರಿಸಿದರು.

1916ರಲ್ಲಿ, 55ನೆಯ ವಯಸ್ಸಿನಲ್ಲಿ ತೀರಿಕೊಂಡಾಗ ಅವರ ಮಹಾಗ್ರಂಥದ ಅರ್ಧ ಭಾಗ ಹಸ್ತಪ್ರತಿಯಲ್ಲೇ ಇತ್ತು. ಅಚ್ಚಿನ ಮನೆಯವರು ದಶಕಗಳ ಕಾಲ ಮುಂದೂಡಿದರು. ತಾಯಿಯಿಲ್ಲದೆ ಬೆಳೆದ ಎಲೆನ್ ಬಿಡಲಿಲ್ಲ. ಆರನೆಯ ಸಂಪುಟ 1954ರಲ್ಲಿ ಹೊರಬಂತು. ಹತ್ತನೆಯದು, ಅಂದರೆ ಕೊನೆಯದು, 1959ರಲ್ಲಿ. ಆಗ ಆಕೆಗೆ ವಯಸ್ಸು ಎಪ್ಪತ್ತರ ಹತ್ತಿರ.