ಗಾಜಿನ ಬುರುಡೆಯೊಳಗಿನ ತಂತಿ

ಕಾಲೇಜಿನ ವಾರ್ಷಿಕೋತ್ಸವದ ದಿನ ಅಧ್ಯಕ್ಷರು ಭಾಷಣಕ್ಕೆ ಎದ್ದು ನಿಂತೊಡನೆ ಮೈಕು ಕಿರ್ರೆಂದು ಅರಚಿಕೊಳ್ಳುವುದನ್ನು ನಾವೆಲ್ಲರೂ ಕೇಳಿದ್ದೇವೆ. ಹಿಂದಿನ ಬೆಂಚಿನವರು ನಗುತ್ತಾರೆ, ಮೈಕಿನವನು ಓಡಿಬಂದು ಯಾವುದೋ ತಿರುಪನ್ನು ತಿರುಗಿಸುತ್ತಾನೆ, ಸದ್ದಡಗುತ್ತದೆ. ಆಗುವುದಿಷ್ಟೆ: ಧ್ವನಿವರ್ಧಕದಿಂದ ಹೊರಟ ಸದ್ದು ಮರಳಿ ಮೈಕನ್ನು ಹೊಗುತ್ತದೆ, ಯಂತ್ರದಲ್ಲಿ ಇನ್ನಷ್ಟು ಹೆಚ್ಚಿ ಹೊರಬರುತ್ತದೆ, ಪುನಃ ಒಳಹೊಗುತ್ತದೆ. ಇಂತಹುದೇ ಒಂದು ಕೂಗಿನ ಒಡೆತನಕ್ಕಾಗಿ ಅಮೆರಿಕದಲ್ಲಿ ಇಬ್ಬರು ಸಂಶೋಧಕರು ಹತ್ತಿರ ಹತ್ತಿರ ಇಪ್ಪತ್ತು ವರ್ಷ ನ್ಯಾಯಾಲಯಗಳ ಮೆಟ್ಟಿಲು ಹತ್ತಿ ಇಳಿದರು. ಅವರಲ್ಲೊಬ್ಬನಾದ ಲೀ ಡಿ ಫಾರೆಸ್ಟನ ಕಥೆಯನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಡಿ ಫಾರೆಸ್ಟನು 1873ನೆಯ ಆಗಸ್ಟ್ 26ರಂದು ಅಯೋವಾ ಸಂಸ್ಥಾನದ ಕೌನ್ಸಿಲ್ ಬ್ಲಫ್ಸ್ ಎಂಬಲ್ಲಿ ಜನಿಸಿದನು. ತಂದೆ ಕ್ರೈಸ್ತ ಪಾದ್ರಿ. 1879ರಲ್ಲಿ ಆತನು ಅಲಬಾಮಾದ ಟಾಲಡಿಗಾ ಕಾಲೇಜಿನ ಅಧ್ಯಕ್ಷನಾದನು. ಅದು ಗುಲಾಮಗಿರಿಯಿಂದ ಬಿಡುಗಡೆ ಹೊಂದಿದ ನೀಗ್ರೋ ಜನರ ವಿದ್ಯಾಭ್ಯಾಸಕ್ಕಾಗಿ ಹುಟ್ಟಿದ ಸಂಸ್ಥೆ. ಊರಿನ ಬಿಳಿಯರು ಈ ಕುಟುಂಬವನ್ನು ದೂರವಿಟ್ಟರು. ಹುಡುಗನು ಒಂಟಿಯಾಗಿ, ಯಂತ್ರಗಳ ಕನಸು ಕಾಣುತ್ತ ಬೆಳೆದನು. ಮಗನೂ ಪಾದ್ರಿಯಾಗಲೆಂದು ತಂದೆಯ ಆಸೆ. ಮಗನು ಯೇಲ್ ವಿಶ್ವವಿದ್ಯಾನಿಲಯವನ್ನು ಸೇರಿ 1899ರಲ್ಲಿ ವಿದ್ಯುತ್ ತರಂಗಗಳನ್ನು ಕುರಿತ ಪ್ರಬಂಧಕ್ಕೆ ಡಾಕ್ಟರೇಟ್ ಪಡೆದನು.

ಆಗ ಎಲ್ಲೆಲ್ಲೂ ಮಾರ್ಕೋನಿಯ ನಿಸ್ತಂತು ತಂತಿಯದೇ ಮಾತು. ಆದರೆ ದೂರದಿಂದ ಬಂದ ಸಂಕೇತವು ಬಲು ಕ್ಷೀಣ. ಇಂಗ್ಲೆಂಡಿನ ಫ್ಲೆಮಿಂಗನು 1904ರಲ್ಲಿ ನಿರ್ವಾತಗೊಳಿಸಿದ ಗಾಜಿನ ಬುರುಡೆಯೊಳಗೆ ಒಂದು ಕಾದ ತಂತಿಯನ್ನೂ ಒಂದು ಲೋಹದ ತಗಡನ್ನೂ ಇಟ್ಟು, ಸಂಕೇತವನ್ನು ಗುರುತಿಸುವ ಸಾಧನವೊಂದನ್ನು ರಚಿಸಿದ್ದನು. ಕಾದ ತಂತಿಯಿಂದ ಹೊರಟ ಎಲೆಕ್ಟ್ರಾನುಗಳು ತಗಡಿನತ್ತ ಹರಿಯುತ್ತವೆ, ಹಿಂದಕ್ಕೆ ಬಾರವು. ಆದರೆ ಆ ಬುರುಡೆಗೆ ಸಂಕೇತವನ್ನು ಹೆಚ್ಚಿಸುವ ಶಕ್ತಿಯಿರಲಿಲ್ಲ. 1906ರ ಕೊನೆಯಲ್ಲಿ ಡಿ ಫಾರೆಸ್ಟನು ಇವೆರಡರ ನಡುವೆ ಅಂಕುಡೊಂಕಾಗಿ ಬಗ್ಗಿಸಿದ ಒಂದು ತಂತಿಯನ್ನು ಸೇರಿಸಿದನು. ಅದೇ ಗ್ರಿಡ್. ಆ ಬುರುಡೆಗೆ ಆಡಿಯಾನ್ ಎಂದು ಹೆಸರಾಯಿತು. 1908ರ ಫೆಬ್ರವರಿಯಲ್ಲಿ ಪೇಟೆಂಟೂ ದೊರೆಯಿತು.

ನಮ್ಮ ಕೆರೆಗಳ ತೂಬನ್ನು ನೋಡಿದವರಿಗೆ ಗ್ರಿಡ್ಡಿನ ಕೆಲಸ ಸುಲಭವಾಗಿ ತಿಳಿಯುತ್ತದೆ. ನೀರುಗಂಟಿಯು ತೂಬನ್ನು ಸ್ವಲ್ಪ ಎತ್ತಿದರೆ ಗದ್ದೆಬಯಲಿಗೆಲ್ಲ ನೀರು ಹರಿಯುತ್ತದೆ. ನೀರಿನ ಬಲ ಕೆರೆಯದು, ನೀರುಗಂಟಿಯ ತೋಳಿನದಲ್ಲ. ಹಾಗೆಯೇ ಗ್ರಿಡ್ಡಿಗೆ ತಾಗಿದ ಅತ್ಯಲ್ಪ ವೋಲ್ಟೇಜು ತಗಡಿಗೆ ಹರಿಯುವ ಪ್ರವಾಹವನ್ನು ಏರಿಸುತ್ತದೆ, ಇಳಿಸುತ್ತದೆ. ಶಕ್ತಿ ಬರುವುದು ಬ್ಯಾಟರಿಯಿಂದ. ಆಂಪ್ಲಿಫೈಯರ್ ಎಂಬ ಯಂತ್ರದ ಮೂಲತತ್ತ್ವ ಇಷ್ಟೇ.

ಸೋಜಿಗವೆಂದರೆ, ಈ ತೂಬನ್ನು ಕಟ್ಟಿದವನಿಗೇ ಅದರ ಮರ್ಮ ತಿಳಿದಿರಲಿಲ್ಲ. ಬುರುಡೆಯಲ್ಲಿ ಉಳಿದ ಅಷ್ಟಿಷ್ಟು ಅನಿಲದಿಂದಲೇ ಅದು ಕೆಲಸ ಮಾಡುತ್ತದೆಂದು ಡಿ ಫಾರೆಸ್ಟನು ನಂಬಿದ್ದನು. ವಾಸ್ತವವಾಗಿ ಆ ಅನಿಲವೇ ಅದರ ರೋಗ. ಜನರಲ್ ಎಲೆಕ್ಟ್ರಿಕ್ ಕಂಪನಿಯ ಲ್ಯಾಂಗ್‌ಮ್ಯೂರನೂ ಟೆಲಿಫೋನ್ ಕಂಪನಿಯ ಆರ್ನಾಲ್ಡನೂ ಗಾಳಿಯನ್ನು ಪೂರ್ತಿ ಹೊರತೆಗೆದ ಮೇಲೆಯೇ ವಾಲ್ವು ನೆಚ್ಚಬಹುದಾದ ವಸ್ತುವಾಯಿತು. ಹೀಗೆ ಮೊದಲ ಆರು ವರ್ಷ ಆಡಿಯಾನ್ ಕೇವಲ ಸಂಕೇತ ಗುರುತಿಸುವ ಕೆಲಸದಲ್ಲೇ ಕಳೆಯಿತು. 1912ರಲ್ಲಿ ಕ್ಯಾಲಿಫೋರ್ನಿಯಾದ ಪಾಲೊ ಆಲ್ಟೊದಲ್ಲಿ ಡಿ ಫಾರೆಸ್ಟನು ಒಂದರ ಹಿಂದೊಂದು ಆಡಿಯಾನುಗಳನ್ನು ಜೋಡಿಸಿ, ಒಂದರಿಂದ ಹೊರಟದ್ದನ್ನು ಮತ್ತೊಂದಕ್ಕೆ ಉಣಿಸಿ ಧ್ವನಿಯನ್ನು ಹೆಚ್ಚಿಸಿದನು. ಟೆಲಿಫೋನ್ ಕಂಪನಿಯು ಮರುವರ್ಷ 50,000 ಡಾಲರು ಕೊಟ್ಟು ಅದರ ಹಕ್ಕನ್ನು ಕೊಂಡಿತು. 1915ರ ಜನವರಿ 25ರಂದು ನ್ಯೂಯಾರ್ಕಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ, ಮೂರು ಸಾವಿರ ಮೈಲಿಗೂ ಮಿಕ್ಕ ತಂತಿಯ ಮೇಲೆ, ಮಾತು ಹರಿಯಿತು. ಇದೇ ಅವಧಿಯಲ್ಲಿ ಆತನ ಕಂಪನಿಯ ಷೇರುಗಳ ಮಾರಾಟದಲ್ಲಿ ವಂಚನೆಯಾಯಿತೆಂದು ಮೊಕದ್ದಮೆಯೂ ನಡೆಯಿತು! ಆಡಿಯಾನ್ ಬೆಲೆಯಿಲ್ಲದ ವಸ್ತುವೆಂದು ಸರ್ಕಾರಿ ವಕೀಲನು ವಾದಿಸಿದನು. ಡಿ ಫಾರೆಸ್ಟನು ಖುಲಾಸೆಯಾದನು, ಜೊತೆಗಾರರಿಬ್ಬರಿಗೆ ಶಿಕ್ಷೆಯಾಯಿತು.

ಇನ್ನು ಆ ಕೂಗಿನ ವಿಚಾರ. 1912ರಲ್ಲಿ ಕೊಲಂಬಿಯಾ ವಿಶ್ವವಿದ್ಯಾನಿಲಯದಲ್ಲಿ ಎಡ್ವಿನ್ ಆರ್ಮ್‌ಸ್ಟ್ರಾಂಗ್ ಎಂಬ ವಿದ್ಯಾರ್ಥಿ, ನಮ್ಮ ನಿಮ್ಮ ಹಾಗೆ ಪರೀಕ್ಷೆಗೆ ಓದುತ್ತಿದ್ದವನು, ಆಡಿಯಾನಿನ ಒಳಗುಟ್ಟನ್ನು ಅಳತೆ ಮಾಡಿ ತಿಳಿದನು. ಹೊರಬಂದ ಸಂಕೇತದ ಒಂದಂಶವನ್ನು ಮರಳಿ ಗ್ರಿಡ್ಡಿಗೆ ಕೊಟ್ಟರೆ ವರ್ಧನೆಯು ಅನೇಕ ಪಟ್ಟು ಏರುತ್ತದೆಂದೂ, ಮಿತಿಮೀರಿದರೆ ವಾಲ್ವು ತಾನೇ ತರಂಗಗಳನ್ನು ಹುಟ್ಟಿಸುತ್ತದೆಂದೂ ಕಂಡನು. ಡಿ ಫಾರೆಸ್ಟನ ಪ್ರಯೋಗಶಾಲೆಯಲ್ಲೂ ಅದೇ ವರ್ಷ ಅಂತಹ ಕೂಗು ಕೇಳಿಸಿತ್ತು, ಟಿಪ್ಪಣಿ ಪುಸ್ತಕದಲ್ಲಿ ದಾಖಲೂ ಆಗಿತ್ತು. ಆದರೆ ಅಲ್ಲಿ ಅದು ತೊಲಗಿಸಬೇಕಾದ ಪೀಡೆಯಾಗಿತ್ತು. ಆರ್ಮ್‌ಸ್ಟ್ರಾಂಗನಿಗೆ ಪೇಟೆಂಟು ದೊರೆತ ಮೇಲೆ ಡಿ ಫಾರೆಸ್ಟನು ಆ ಟಿಪ್ಪಣಿಯನ್ನು ಮುಂದೊಡ್ಡಿದನು. 1934ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ಡಿ ಫಾರೆಸ್ಟನ ಪರವಾಗಿ ತೀರ್ಪಿತ್ತಿತು. ಆರ್ಮ್‌ಸ್ಟ್ರಾಂಗನು ಇದೇ ಶೋಧನೆಗಾಗಿ ರೇಡಿಯೋ ಎಂಜಿನಿಯರುಗಳ ಸಂಸ್ಥೆಯಿಂದ ಪಡೆದಿದ್ದ ಪದಕವನ್ನು ಹಿಂದಿರುಗಿಸಲು ಹೋದನು. ಸಂಸ್ಥೆಯು ಅದನ್ನು ತೆಗೆದುಕೊಳ್ಳಲಿಲ್ಲ. ಕೂಗನ್ನು ಕೇಳಿದುದು ಬೇರೆ, ಅರಿತುದು ಬೇರೆ. ಗ್ರಿಡ್ಡಿನ ಕೀರ್ತಿ ಡಿ ಫಾರೆಸ್ಟನಿಗೆ ಪೂರ್ತಿಯಾಗಿ ಸಲ್ಲಬೇಕು. ಈ ಎರಡನೆಯ ಕೀರ್ತಿಯನ್ನು ಆತನಿಗೆ ಕೊಡಲು ನನ್ನ ಮನಸ್ಸು ಒಪ್ಪುವುದಿಲ್ಲ.

ಕೂಗನ್ನು ಪಳಗಿಸುವ ಉಪಾಯ ಬೇರೊಬ್ಬನಿಗೆ ಹೊಳೆಯಿತು. 1927ರ ಆಗಸ್ಟಿನಲ್ಲಿ ಬೆಲ್ ಪ್ರಯೋಗಶಾಲೆಯ ಹೆರಾಲ್ಡ್ ಬ್ಲ್ಯಾಕನು ಹಡ್ಸನ್ ನದಿಯನ್ನು ದೋಣಿಯಲ್ಲಿ ದಾಟುತ್ತ, ಕೈಯಲ್ಲಿದ್ದ ವೃತ್ತಪತ್ರಿಕೆಯ ಮೇಲೆಯೇ ಅದನ್ನು ಗೀಚಿದನು. ಹೊರಬಂದ ಸಂಕೇತದ ಅಂಶವನ್ನು ತಲೆಕೆಳಗು ಮಾಡಿ ಒಳಕ್ಕೆ ಕೊಟ್ಟರೆ ವರ್ಧನೆ ತಗ್ಗುತ್ತದೆ, ಜೊತೆಗೆ ಯಂತ್ರವು ತಾನಾಗಿ ಸೇರಿಸಿದ ಕೊಳೆಯೂ ತಗ್ಗುತ್ತದೆ. ನೆಗೆಟಿವ್ ಫೀಡ್‌ಬ್ಯಾಕ್ ಎಂಬ ಈ ವಿಧಾನ ವಾಲ್ವಿನ ಕಾಲದಿಂದ ಇಂದಿನವರೆಗೂ ಬಳಕೆಯಲ್ಲಿದೆ.

1947ರ ಡಿಸೆಂಬರಿನಲ್ಲಿ ಅದೇ ಬೆಲ್ ಪ್ರಯೋಗಶಾಲೆಯಲ್ಲಿ ಟ್ರಾನ್ಸಿಸ್ಟರ್ ಹುಟ್ಟಿತು. ಅಲ್ಲಿಯೂ ತತ್ತ್ವ ತೂಬಿನದೇ, ಆದರೆ ಕಾಯಿಸಬೇಕಾದ ತಂತಿಯಿಲ್ಲ, ಗಾಜಿಲ್ಲ. ವಾಲ್ವಿಗೆ ನೂರಾರು ವೋಲ್ಟು ಬೇಕು, ಹರಿಯುವ ಪ್ರವಾಹ ಅಲ್ಪ. ಎಂಟು ಓಮಿನ ಧ್ವನಿವರ್ಧಕಕ್ಕೆ ಹೊಂದಿಸಲು ನಡುವೆ ಭಾರವಾದ ಟ್ರಾನ್ಸ್‌ಫಾರ್ಮರ್ ಇರಿಸಬೇಕಾಗುತ್ತದೆ. ಕಡಮೆ ವೋಲ್ಟೇಜಿನಲ್ಲಿ ಹೆಚ್ಚು ಪ್ರವಾಹ ಕೊಡುವ ಟ್ರಾನ್ಸಿಸ್ಟರಿಗೆ ಆ ಹೊರೆ ಬೇಡ.

ಡಿ ಫಾರೆಸ್ಟನು ಇದನ್ನೆಲ್ಲ ನೋಡಿಯೇ ತೀರಿಕೊಂಡನು. 1923ರಲ್ಲಿ ಚಲನಚಿತ್ರದ ಸುರುಳಿಯ ಮೇಲೆಯೇ ಧ್ವನಿಯನ್ನು ಅಚ್ಚೊತ್ತಿ ತೋರಿಸಿದ್ದನು, ಲಾಭ ಬೇರೆಯವರಿಗಾಯಿತು. 1950ರಲ್ಲಿ ಬರೆದ ಆತ್ಮಕಥೆಯಲ್ಲಿ ತನ್ನನ್ನು ರೇಡಿಯೋವಿನ ತಂದೆಯೆಂದು ಕರೆದುಕೊಂಡನು. 1961ರ ಜೂನ್ 30ರಂದು ಹಾಲಿವುಡ್‌ನಲ್ಲಿ ಕಣ್ಮುಚ್ಚಿದಾಗ ಕೈಯಲ್ಲಿ ಹೆಚ್ಚೇನೂ ಹಣವಿರಲಿಲ್ಲ. ಅದಕ್ಕೆ ಏಳು ವರ್ಷ ಮುಂಚೆಯೇ ಅಮೆರಿಕದ ಅಂಗಡಿಗಳಿಗೆ ನಾಲ್ಕು ಟ್ರಾನ್ಸಿಸ್ಟರುಗಳ ಜೇಬು ರೇಡಿಯೋ ಬಂದಿತ್ತು. ಅದರಲ್ಲಿ ವಾಲ್ವು ಒಂದೂ ಇರಲಿಲ್ಲ. ಒಳಗಿನ ಸೂಪರ್‌ಹೆಟರೊಡೈನ್ ಏರ್ಪಾಡು ಮಾತ್ರ, ಅದೇ ವರ್ಷದ ಮೊದಲಲ್ಲಿ ತೀರಿಕೊಂಡಿದ್ದ ಆರ್ಮ್‌ಸ್ಟ್ರಾಂಗನದು.