ಡಾ. ಲೆಸ್ಲಿ ಕೋಲ್ಮನ್: ಜೀವನ ಮತ್ತು ಸೇವೆ

ಮೈಸೂರು ಸಂಸ್ಥಾನದ ಕೃಷಿ ನಿರ್ದೇಶಕರಾಗಿದ್ದ ಡಾ. ಲೆಸ್ಲಿ ಸಿ. ಕೋಲ್ಮನ್ ಅವರು 1878ರಲ್ಲಿ ಕೆನಡಾ ದೇಶದ ಒಂಟಾರಿಯೊ ಪ್ರಾಂತ್ಯದಲ್ಲಿ ಜನಿಸಿದರು. ಟೊರೊಂಟೊ ವಿಶ್ವವಿದ್ಯಾನಿಲಯದಲ್ಲಿ ವ್ಯಾಸಂಗ ಮಾಡಿ, ಜರ್ಮನಿಯಲ್ಲಿ ಡಾಕ್ಟರೇಟ್ ಪದವಿ ಪಡೆದರು. 1908ರಲ್ಲಿ ಕೀಟ ಹಾಗೂ ಶಿಲೀಂಧ್ರ ತಜ್ಞರಾಗಿ ಸಂಸ್ಥಾನದ ಸೇವೆಗೆ ಸೇರಿ, ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣದ ಸಿಂಪರಣೆಯನ್ನು ಬಳಕೆಗೆ ತಂದರು. 1913ರಲ್ಲಿ ನಿರ್ದೇಶಕರಾದರು.

ಆ ಕಾಲದಲ್ಲಿ ದೊಡ್ಡರೋಗವು ಊರೂರಿನ ದನಗಳನ್ನು ಬಲಿ ತೆಗೆದುಕೊಳ್ಳುತ್ತಿತ್ತು. ರಾಸುಗಳು ಸತ್ತರೆ ಉಳುಮೆ, ಗೊಬ್ಬರ, ಹಾಲು ಮೂರೂ ನಿಲ್ಲುತ್ತಿದ್ದವು. ಸ್ವತಃ ಪಶುವೈದ್ಯರಲ್ಲದಿದ್ದರೂ ಕೋಲ್ಮನ್ ಅವರು ಇದನ್ನು ಅನ್ನದ ಪ್ರಶ್ನೆಯೆಂದೇ ಪರಿಗಣಿಸಿದರು. 1920ರ ದಶಕದಲ್ಲಿ ಅವರ ಆಡಳಿತದಲ್ಲಿ ಬೆಂಗಳೂರಿನ ಹೆಬ್ಬಾಳದಲ್ಲಿ ಮೈಸೂರು ಸೀರಂ ಸಂಸ್ಥೆ ಆರಂಭವಾಯಿತು. ರೋಗನಿರೋಧಕ ಶಕ್ತಿ ಪಡೆದ ರಾಸುಗಳ ರಕ್ತದಿಂದ ತಯಾರಿಸಿದ ಸೀರಂ ಪಶುವೈದ್ಯ ಸಿಬ್ಬಂದಿಗೆ ಇಲ್ಲಿಂದ ದೊರೆಯತೊಡಗಿತು. ಚಿತ್ರದುರ್ಗ ಜಿಲ್ಲೆಯ ಕಾವಲುಗಳಲ್ಲಿಯೂ ಮೇಯುತ್ತಿದ್ದ ಅಮೃತಮಹಲ್ ತಳಿಯ ಆಡಳಿತವು 1923ರಲ್ಲಿ ಸೇನಾ ಇಲಾಖೆಯಿಂದ ಕೃಷಿ ಇಲಾಖೆಗೆ ಬಂದದ್ದೂ ಅವರ ಅವಧಿಯಲ್ಲಿಯೇ.

1934ರಲ್ಲಿ ಸೇವೆಯಿಂದ ನಿವೃತ್ತರಾದ ಕೋಲ್ಮನ್ ಅವರು 1954ರಲ್ಲಿ ಕೆನಡಾದಲ್ಲಿ ನಿಧನರಾದರು. 2011ರಲ್ಲಿ ದೊಡ್ಡರೋಗವು ಜಗತ್ತಿನಿಂದಲೇ ನಿರ್ಮೂಲವಾಯಿತೆಂದು ಘೋಷಿಸಲಾಯಿತು. ಅವರ ಕಾಲದ ಸೀರಂ ಸಂಸ್ಥೆಯು ಈಗ ಪಶು ಆರೋಗ್ಯ ಮತ್ತು ಪಶುವೈದ್ಯಕೀಯ ಜೈವಿಕ ಸಂಸ್ಥೆಯಾಗಿದ್ದು, ನೆರಡಿ, ಗಳಲೆ, ಚಪ್ಪೆ ಮುಂತಾದ ರೋಗಗಳಿಗೆ ಲಸಿಕೆ ತಯಾರಿಸುತ್ತದೆ.

ದೊಡ್ಡರೋಗವು ಮನುಷ್ಯರಿಗೆ ತಗಲುತ್ತಿರಲಿಲ್ಲ. ನೆರಡಿ ರೋಗವು ತಗಲುತ್ತದೆ. ಆದುದರಿಂದ ಚಿತ್ರದುರ್ಗ, ಹಿರಿಯೂರು, ಹೊಸದುರ್ಗ ಮತ್ತು ಹೊಳಲ್ಕೆರೆ ತಾಲ್ಲೂಕುಗಳ ಕುರಿಗಾರರು ಹಾಗೂ ಹೈನುಗಾರರು ಈ ಕೆಳಕಂಡ ಅಂಶಗಳನ್ನು ಗಮನಿಸುವುದು:

1. ದನ, ಕುರಿ, ಮೇಕೆಗಳಿಗೆ ಪಶುವೈದ್ಯರು ತಿಳಿಸಿದ ಕಾಲದಲ್ಲಿ ಲಸಿಕೆ ಹಾಕಿಸುವುದು.
2. ಹಠಾತ್ತನೆ ಸತ್ತ, ಮೂಗು ಬಾಯಿಗಳಿಂದ ಕಪ್ಪು ರಕ್ತ ಸೋರುವ ಪ್ರಾಣಿಯ ಚರ್ಮ ಸುಲಿಯಬಾರದು, ಕೊಯ್ಯಬಾರದು, ಮಾಂಸವನ್ನು ಹಂಚಬಾರದು. ಕಳೇಬರವನ್ನು ಕೊಯ್ದಾಗ ಗಾಳಿ ತಗುಲಿದ ರೋಗಾಣುಗಳು ಬೀಜಕಗಳಾಗಿ ಮಣ್ಣಿನಲ್ಲಿ ಹಲವು ವರ್ಷ ಉಳಿಯುತ್ತವೆ. ಕೂಡಲೇ ಪಶು ಆಸ್ಪತ್ರೆಗೆ ತಿಳಿಸುವುದು.
3. ಔಷಧ ಪಡೆದ ಹಸುವಿನ ಹಾಲನ್ನು ವೈದ್ಯರು ಸೂಚಿಸಿದಷ್ಟು ದಿನ ಮಾರಾಟ ಮಾಡಬಾರದು.
4. ಹಾಲನ್ನು ಕಾಯಿಸಿಯೇ ಕುಡಿಯುವುದು. ಕಂದು ಹಾಕುವ ರೋಗವು ಹಸಿ ಹಾಲಿನಿಂದ ಮನುಷ್ಯರಿಗೆ ಹರಡುತ್ತದೆ.

ಹೆಚ್ಚಿನ ಮಾಹಿತಿಗಾಗಿ ಸಮೀಪದ ಪಶು ಆಸ್ಪತ್ರೆ ಅಥವಾ ಪಶು ಚಿಕಿತ್ಸಾಲಯವನ್ನು ಸಂಪರ್ಕಿಸಲು ಕೋರಲಾಗಿದೆ.